ತಡಿ

ಆಟೋ ಸೀಟು ಹೊಲಿಯುವ ಅಂಗಡಿಯ ಬೋರ್ಡಿನಲ್ಲಿ
ಇನ್ನೂ ಉಳಿದಿದೆ ಮನೆತನದ ಕಸುಬು:
ಜೀನಗಾರ ತುಳಜಪ್ಪ ಅಂಡ್ ಸನ್ಸ್, ಹಳೇ ದಾವಣಗೆರೆ.
ಸನ್ಸ್ ಇಬ್ಬರೂ ರೆಕ್ಸಿನ್ನಿನವರು.
ತುಳಜಪ್ಪ ಮಾತ್ರ ಪಟಾಲಮ್ಮಿನ ಕುದುರೆಗಳಿಗೆ
ಇಪ್ಪತ್ತೆರಡು ವರ್ಷ ತೊಗಲು ಹೊಲಿದು
ಹೆಬ್ಬೆರಳಲ್ಲಿ ದಬ್ಬಣದ ಗಂಟು ಹೊತ್ತು ಬಂದವರು.

ಕಟ್ಟೆಯ ಮೇಲೆ ಮೂರು ಜೀನು.
ಕಾನ್ಪುರದ್ದೊಂದು, ಯಾವುದೋ ಕ್ಲಬ್ಬು ಮುಚ್ಚಿದಾಗ ಬಂದದ್ದೊಂದು,
ಮೂರನೆಯದರ ಊರು ಅವರಿಗೂ ಗೊತ್ತಿಲ್ಲ.
ನನ್ನ ಕೈ ಹೋದದ್ದು ಮೊದಲಿನದಕ್ಕೆ.
ಹೊಸ ತೊಗಲು, ಜೇನಿನ ಬಣ್ಣ, ತೊಟ್ಟಿಲಿನಂಥ ಆಳ.
ಬಿದ್ದವಳು ನಾನು. ಯುಗಾದಿಯಿಂದ ಈಚೆಗೆ ಮೂರು ಸಲ,
ಕುಂದವಾಡ ಕೆರೆಯಾಚೆ ಬಯಲಿನಲ್ಲಿ
ಎಣ್ಣೆ ಡ್ರಮ್ಮುಗಳ ಮೇಲೆ ನೀಲಗಿರಿ ಗಳ ಇಟ್ಟು
ಹಾರಲು ಹೋಗಿ:
ಕೆಂಚಿ ಆಚೆ, ನಾನು ಈಚೆ.
ಹಿಡಿದಿಡುವಂಥದು ಬೇಕಿತ್ತು ನನಗೆ.

"ತಡಿ," ಅಂದರು ತುಳಜಪ್ಪ.
"ನಿನ್ನ ಆಮೇಲೆ ಕೇಳ್ತೀನಿ. ಮೊದಲು ಅವಳನ್ನ ಕೇಳಾಣ."
ಅವರ ಅಜ್ಜಿ ಜೀನಿಗೂ ತಡಿ ಅನ್ನುತ್ತಿದ್ದಳಂತೆ.
ಎರಡೂ ಒಂದೇ ಮಾತು ಅಂದುಕೊಂಡೇ
ಕಸುಬು ಕಲಿತರಂತೆ ಇವರು.

ಒಂದು ಮೊಳ ಸೀಸದ ತಂತಿಯನ್ನು
ಕೆಂಚಿಯ ಹೆಗಲ ದಿಬ್ಬಕ್ಕೆ ಬಾಗಿಸಿ, ಒತ್ತಿ,
ಉಸಿರು ಹಿಡಿದು ಎತ್ತಿ, ಹಳೇ ಪೇಪರಿನ ಮೇಲಿಟ್ಟು
ಪೆನ್ಸಿಲ್ಲಿನಲ್ಲಿ ಗೀಟೆಳೆದರು.
"ದುರ್ಗದ ಬೆಟ್ಟದ ಹಾಗಿದೆ" ಎಂದೆ.
"ಬೆಟ್ಟ ಅನಬ್ಯಾಡ. ಬೆಟ್ಟಕ್ಕೆ ನೋವಾಗಲ್ಲ."

ಆಮೇಲೆ, ಆ ದಿಬ್ಬದ ಎಡಕ್ಕೆ, ಕೆಂಪು ಮೈಯಲ್ಲಿ
ಎಂಟಾಣೆಯಗಲ ಬಿಳಿ ಕೂದಲು ತೋರಿಸಿದರು.
ಚುಕ್ಕಿ ಎಂದುಕೊಂಡಿದ್ದೆ ನಾನು. ಹುಟ್ಟುಮಚ್ಚೆ. ಅದೃಷ್ಟ.
ಫೋಟೋ ತೆಗೆದು ಎಲ್ಲರಿಗೂ ಕಳಿಸಿದ್ದೆ.
"ಇದು ಜೀನು ಕಚ್ಚಿದ್ದು. ರೇಸಿನವರದ್ದೋ,
ಇಲ್ಲಾ ನಿಂದೋ.
ಕೂದಲು ತಿರುಗಿ ಬರ್ತಾವೆ. ಬಣ್ಣ ಬರಲ್ಲ."

ಎದುರಿನ ಮಿರ್ಚಿ ಅಂಗಡಿಯಿಂದ ಹಿಡಿ ಕಡಲೆಹಿಟ್ಟು ತರಿಸಿ
ಜೀನುಗಳ ಹೊಟ್ಟೆಗೆ ಸವರಿ
ಒಂದೊಂದನ್ನೇ ಬರೀ ಬೆನ್ನಿಗಿಟ್ಟು ಎತ್ತಿದರು.
ಜೇನು ಬಣ್ಣದ್ದು ಮುಂದೊಂದು ಮುದ್ರೆ ಒತ್ತಿತು, ಹಿಂದೊಂದು;
ನಡುವೆ ಬಯಲು, ಹಳ್ಳಕ್ಕೆ ಹಾಕಿದ ಹಲಗೆಯ ಹಾಗೆ.
ಕ್ಲಬ್ಬಿನದರ ಮರ ಅಗಲ,
ದಿಬ್ಬದ ಮೇಲೇ ಕುಕ್ಕರಿಸಿತು. ಕೆಂಚಿ ಕಿವಿ ಹಿಂದೆ ಮಾಡಿದಳು.
ಊರಿಲ್ಲದ ಮೂರನೆಯದು ಬಣ್ಣಗೆಟ್ಟದ್ದು,
ರೆಕ್ಕೆ ಮುಂದಕ್ಕೆ ಚಾಚಿದ್ದು, ಮೊಣಕಾಲಿಗೆ ಚಿಕ್ಕ ದಿಂಬು,
ಕೂರುವಲ್ಲಿ ಆಳವೇ ಇಲ್ಲ, ಹಪ್ಪಳ.
ಹಿಟ್ಟು ಉದ್ದಕ್ಕೂ ಒಂದೇ ಸಮ ಇಳಿದಿತ್ತು.
ದಿಬ್ಬಕ್ಕೂ ತೊಗಲಿಗೂ ನಡುವೆ ಅವರ ಎರಡು ಬೆರಳು
ಹೋಗಿ ಬಂದವು. ಗಾಳಿಯೂ ಹೋಗಿ ಬಂತು.

"ಇದರಲ್ಲಿ ಎಲ್ಲಿ ಹಿಡಕೊಳ್ಳಲಿ ನಾನು?"
"ಹಿಡಕಾಬ್ಯಾಡ. ಹಾರೋವಾಗ ರಿಕಾಬಿನ ಮ್ಯಾಲೆ ಎದ್ದು ನಿಲ್ತೀಯಲ್ಲ,
ಆವಾಗ ಅವಳ ಬೆನ್ನು ಅವಳದೇ.
ತೊಟ್ಟಿಲಾಗೆ ಕುಂತೋಳು ಏಳೋದು ಯಾವಾಗ?"

ಬೆಲೆ ಹೇಳಿದರು. ಕೆಂಚಿಗೆ ಕೊಟ್ಟದ್ದರ ಮುಕ್ಕಾಲು.
ಕುದುರೆ ಕಂಡರೆ ಕಾಲುನೋವು ಅನ್ನುತ್ತಿದ್ದಳು ಅಮ್ಮ;
ಕುದುರೆ ಕೊಂಡರೆ ಎಲ್ಲೆಲ್ಲಿ ನೋವು ಅಂತ ಹೇಳಿರಲಿಲ್ಲ.
ಮೂರು ಕಂತಿಗೆ ಒಪ್ಪಿ, ಲೆಕ್ಕದ ಪುಸ್ತಕದಲ್ಲಿ
ಆಟೋ ನಂಬರುಗಳ ಸಾಲಿನ ಕೆಳಗೆ
ದೊಡ್ಡಕ್ಷರದಲ್ಲಿ ಬರೆದುಕೊಂಡರು: ಕೆಂಚಿ.
ನನ್ನ ಹೆಸರು ಕೇಳಲಿಲ್ಲ.

ಭಾನುವಾರ ಕೆರೆಯಾಚೆ ಎರಡು ಸಲ ಹಾರಿದಳು,
ಮೂರನೆಯ ಸಲ ಡ್ರಮ್ಮಿನ ಮುಂದೆ ಗಕ್ಕನೆ ನಿಂತಳು.
ಕುತ್ತಿಗೆ ತಬ್ಬಿ, ಜಾರಿ, ಹುಲ್ಲಿಗಿಳಿದೆ.
ಬಿದ್ದೆ ಅನ್ನಲಾರೆ.

ಜೀನು ಬಿಚ್ಚಿದಾಗ ಬೆನ್ನಿನ ಎರಡೂ ಕಡೆ
ಒಂದೇ ಅಳತೆಯ ಬೆವರು.
ಹೆಬ್ಬೆರಳಿಂದ ಒತ್ತುತ್ತಾ ಹೋದೆ,
ಬಿಳಿ ಕೂದಲ ಹತ್ತಿರ ಹೆದರಿ ಹೆದರಿ.
ಕೆಂಚಿ ಬೆನ್ನು ತಗ್ಗಿಸಲಿಲ್ಲ, ಹುಲ್ಲು ಹರಿಯುತ್ತಲೇ ಇದ್ದಳು.
ನಡುವೆ, ಬಾಲದವರೆಗೆ, ಒಂದು ಒಣ ದಾರಿ,
ಎರಡು ಬೆರಳಗಲ.