ಇವತ್ತು ಯಾರದ್ದು?

ಇಪ್ಪತ್ತೊಂದು ದಿನಕ್ಕೊಮ್ಮೆ
ಬಟ್ಟೆಮಲ್ಲಪ್ಪದಿಂದ ಮೊದಲ ಬಸ್ಸು ಹತ್ತುತ್ತೇವೆ.
ಹದಿನೆಂಟನೆಯ ದಿನಕ್ಕೇ ನನಗೆ ಗೊತ್ತಾಗುತ್ತದೆ:
ಜಡೆ ಹಾಕುವಾಗ ಕಿವಿಯ ಹಾಲೆ
ಈರುಳ್ಳಿಯ ಒಳಪೊರೆಯ ಹಾಗೆ ಬಿಳಿಚಿರುತ್ತದೆ.
ಆಟದ ನಡುವೆ ಶಾಲೆಯ ಮೆಟ್ಟಿಲ ಮೇಲೆ ಕೂತು
"ಬೂಟಿನ ದಾರ ಬಿಚ್ಚಿದೆ" ಅನ್ನುತ್ತಾಳಂತೆ ಪ್ರೇಕ್ಷಾ.
ಅವಳು ಹಾಕುವುದು ಚಪ್ಪಲಿ.

ಶಿವಮೊಗ್ಗದ ಮಕ್ಕಳ ಆಸ್ಪತ್ರೆ, ಎರಡನೇ ಮಹಡಿ,
ಕಿಟಕಿ ಪಕ್ಕದ ಏಳನೇ ಮಂಚ.
ಗೋಡೆಯಲ್ಲಿ ಯಾರೋ ಬರೆದ ಆನೆಗೆ ಸೊಂಡಿಲು ಗಿಡ್ಡ.
ಸಕ್ರೆಬೈಲು ನೋಡಿದ ಮಕ್ಕಳು ಬಿಡುತ್ತಾರೆಯೇ,
ಬಂದಬಂದವರು ಪೆನ್ನಿನಲ್ಲಿ ಎಳೆದೂ ಎಳೆದೂ
ಈಗದು ಸ್ವಿಚ್ ಬೋರ್ಡಿನ ತನಕ ಬಂದಿದೆ.
ಬಣ್ಣ ಹೊಡೆಯುವವನು ಬಂದಾಗ
ಲವೀನಾ ಸಿಸ್ಟರು ನಿಂತು
ಸೊಂಡಿಲೊಂದನ್ನು ಬಿಟ್ಟು ಹೊಡೆಸಿದರಂತೆ.

ಅವರಿಗೆ ಮೊದಮೊದಲು ನರ ಸಿಗುತ್ತಿರಲಿಲ್ಲ.
ಮೂರು ಸಲ ಚುಚ್ಚಿದ ದಿನ ಇವಳೇ ಹೇಳಿಕೊಟ್ಟಳು:
"ಏಡಿ ಹಿಡಿಯೋಕೆ ಬರುತ್ತಾ ನಿಮಗೆ?
ಕಂಡ ಬಿಲಕ್ಕೆಲ್ಲ ಕೈ ಹಾಕಬಾರದು.
ಬಿಲದ ಬಾಯಲ್ಲಿ ನೀರು ಕದಡಿದ್ದರೆ ಒಳಗಿದೆ ಅಂತ.
ಸುಮ್ಮನೆ ಕೂತು ನೋಡಬೇಕು."
ಅಂದಿನಿಂದ ಸಿಸ್ಟರು
ಬಿಸಿನೀರಲ್ಲಿ ಅದ್ದಿದ ಬಟ್ಟೆ ಅವಳ ತೋಳಿಗೆ ಸುತ್ತಿ
ಸ್ಟೂಲು ಎಳೆದುಕೊಂಡು ಕೂರುತ್ತಾರೆ,
ಗದ್ದೆಯ ಅಂಚಿನಲ್ಲಿ ಕೂತ ಹಾಗೆ.
"ಕದಡಿತಾ?"
"ಇನ್ನೂ ಇಲ್ಲ."
"ಈಗ?"
"ಹ್ಞೂಂ."
ಆ ಹ್ಞೂಂ ಬರುವ ತನಕ ಸೂಜಿ ಕಾಯುತ್ತದೆ.

ಆಮೇಲೆ ನಾಲ್ಕು ತಾಸು. ಹನಿಗೆ ಅವಸರವಿಲ್ಲ.
ನಾನು ಕೆಳಗೆ ಚೀಟಿಗೆ ಮೊಹರು ಹಾಕಿಸಿ ಬರುವವರೆಗೆ
ಶಿಕಾರಿಪುರದ ಫರ್ಜಾನಾ
ಮಗನ ಹನಿಯ ಜೊತೆ ಇವಳದನ್ನೂ ಕಾಯುತ್ತಾಳೆ.
ನಮ್ಮ ಕುಶಲವೆಲ್ಲ ಅಂಕಿಯಲ್ಲೇ:
"ನಿನ್ನವಳದು ಎಷ್ಟು?" "ಏಳೂವರೆ. ನಿನ್ನವನದು?"
ಮದುವೆಮನೆಯಲ್ಲಿ ಸರದ ತೂಕ ಕೇಳಿದ ಹಾಗೆ.

ಅವನಿಗೆ ರಕ್ತ ಹೊಂದದೇ ಹೋದ ಒಂದು ದಿನ
ನಾನೇ ರವಿಕೆ ತೋಳು ಮೇಲೇರಿಸಿ ಹೋಗಿ ನಿಂತೆ.
ಬೆರಳು ಚುಚ್ಚಿ ನೋಡಿದರು. ಒಂಬತ್ತೂವರೆ.
"ನಿಮ್ಮದನ್ನು ತೆಗೆಯುವ ಹಾಗಿಲ್ಲಮ್ಮ."
ಗೊತ್ತಿದ್ದದ್ದೇ. ಪ್ರೇಕ್ಷಾಗೆ ಬಂದದ್ದು ಎಲ್ಲಿಂದ ಮತ್ತೆ,
ಅರ್ಧ ನನ್ನಿಂದ, ಅರ್ಧ ಅವಳಪ್ಪನಿಂದ.
ಮನೆಯಲ್ಲಿ ಮಾತ್ರ ಅರ್ಧದ ಲೆಕ್ಕ ಯಾರೂ ಇಡುವುದಿಲ್ಲ,
ಪೂರಾ ನನ್ನ ಖಾತೆಗೇ.

ಸರ್ವಮಂಗಳಾ ಮೇಡಂ ಕೋಣೆಯ ಬಾಗಿಲು ಹಾಕಿದರು.
ಸಮಾಧಾನ ಹೇಳಲಿಲ್ಲ.
ಡಬ್ಬಿ ಬಿಚ್ಚಿ ರೊಟ್ಟಿ ಮುರಿದು ಅರ್ಧ ನನಗಿಟ್ಟರು,
ಅರ್ಧ ಅವರೇ ತಿಂದರು, ಹಸಿವಾಗಿತ್ತು ಅವರಿಗೂ.
"ಮುಂದಿನ ಸಲ ಮನೆಯವರೂ ಬರಲಿ. ಅತ್ತೆಯವರೂ."

ಅತ್ತೆ ಬಂದರು.
ಮೇಜಿನ ಮೇಲೆ ಎರಡು ಹುಣಸೆಬೀಜ, ಚೌಕಾಬಾರದವು,
ಒಂದು ಮಗ್ಗುಲು ಉಜ್ಜಿ ಬಿಳಿ ಮಾಡಿದವು.
"ಇದು ಮಗನದು, ಇದು ಸೊಸೆಯದು. ನೀವೇ ಹಾಕಿ."
ಹಾಕಿದರು. ಮತ್ತೆ ಹಾಕಿದರು.
ಐದನೇ ಸಲಕ್ಕೆ ಎರಡೂ ಬಿಳಿ ಬಿದ್ದವು.
ಅತ್ತೆ ತಮ್ಮ ಅಂಗೈಯನ್ನೇ ನೋಡಿಕೊಂಡರು.
ದಾರಿಯುದ್ದಕ್ಕೂ ಮಾತಿಲ್ಲ.
ಮರುದಿನ ಬೆಳಗ್ಗೆ ಬರಿಹೊಟ್ಟೆಯ ಗುಳಿಗೆಯನ್ನು
ಲೋಟದಲ್ಲಿ ಕದಡುತ್ತಿದ್ದವರು ಅವರು.

ಚೀಲ ಬರಿದಾಗುವ ಹೊತ್ತಿಗೆ ಕಿವಿಗೆ ಬಣ್ಣ ಬರುತ್ತದೆ.
ಆಗ ಶುರು ಅವಳದು: "ಇವತ್ತು ಯಾರದ್ದು?"
ಚೀಲದ ಮೇಲೆ ನಂಬರಿರುತ್ತದೆ, ಹೆಸರಿರುವುದಿಲ್ಲ.
ಹೋದ ಸಲದ್ದು ಮೀನು ಮಾರುವವರದ್ದಂತೆ,
ಊರು ಮುಟ್ಟುವ ತನಕ ಬಂಗುಡೆ ಬಂಗುಡೆ ಅಂದಿದ್ದಳು.
ಅದರ ಹಿಂದಿನದು ಲೆಕ್ಕದ ಮೇಷ್ಟ್ರದ್ದು ಅಂದಳು;
ಆ ವಾರವೂ ಲೆಕ್ಕದಲ್ಲಿ ಇಪ್ಪತ್ತೈದಕ್ಕೆ ಏಳೇ.

ಇವತ್ತು ಕಿಟಕಿಯ ಸೀಟಿಗೆ ನನ್ನ ಜೊತೆ ಜಗಳ.
ಆಯನೂರು ದಾಟಿದ ಮೇಲೆ
ಎರಡು ಬೆರಳು ನಾಲಿಗೆಯ ಕೆಳಗಿಟ್ಟು ಒಂದು ಸಿಳ್ಳೆ.
ಬಸ್ಸು ನಿಂತೇಬಿಟ್ಟಿತು.
ಇಳಿಯುವವರಿಲ್ಲ, ಹತ್ತುವವರಿಲ್ಲ,
ಡ್ರೈವರು ಕನ್ನಡಿಯಲ್ಲಿ ಹುಡುಕುತ್ತಿದ್ದಾರೆ.
ಸೀಟಿನ ಕೆಳಗೆ ಬಗ್ಗಿಕೊಂಡು ನನ್ನ ಸೆರಗು ಜಗ್ಗಿದಳು:
"ಗೊತ್ತಾಯ್ತಮ್ಮ. ಕಂಡಕ್ಟರದ್ದು."