ಹದಿನೆಂಟು ಗೇಜಿನ ನೆಲ

ಮ್ಯಾಟು ಎತ್ತಿದೆ. ಕೆಳಗೆ ಗೋಣಿತಾಟು.
ಗೋಣಿತಾಟಿನ ಕೆಳಗೆ ಯಾರೋ ಬಳಿದ ಡಾಂಬರು.
ಅದರ ಕೆಳಗೆ ನೆಲವಿರಬೇಕಿತ್ತು.
ಇದ್ದದ್ದು ಬೆಲ್ಲದ ಪುಡಿಯಂಥ ತುಕ್ಕು,
ತುಕ್ಕಿನೊಳಗೆ ಒಂದು ಹತ್ತಿಬೀಜ, ಎರಡು ಹೇರ್‌ಪಿನ್ನು,
ಚೌಕದ ಐದು ಪೈಸೆ,
ಮತ್ತೆ, ತೂತಿನಾಚೆ,
ನನ್ನದೇ ಶೆಡ್ಡಿನ ಎಣ್ಣೆ ಕುಡಿದ ಮಣ್ಣು.

ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋದೆ.
ಟಣ್ ಅಂದರೆ ಜೀವ ಇದೆ.
ದಬ್ ಅಂದರೆ ಬಣ್ಣ ಮಾತ್ರ ನಿಂತಿದೆ.
ಬ್ರೇಕಿನ ಪೆಡಲ್ಲಿನಿಂದ ಹಿಂದಿನ ಸೀಟಿನವರೆಗೆ
ದಬ್, ದಬ್, ದಬ್.
ದಾದಾಪೀರ ಕೂತಲ್ಲಿಂದಲೇ ಅಂದ:
"ಆಚಾರ್ರೆ, ಈ ಫಿಯೆಟ್ಟು ಇಷ್ಟು ದಿನ
ಬರೀ ಮ್ಯಾಟಿನ ಮ್ಯಾಲೆ ಓಡೈತೆ ಬಿಡ್ರಿ."

ಕೊಯ್ಯುವ ಮುಂಚೆ ಬಾಗಿಲಿನ ಬಾಯಿಗೆ
ಅಡ್ಡ ಪೈಪು ಹಚ್ಚಬೇಕು.
ನೆಲ ತೆಗೆದರೆ ಮೈ ಕುಸಿಯುತ್ತದೆ, ಕೂದಲೆಳೆಯಷ್ಟೇ,
ಆಮೇಲೆ ಬಾಗಿಲು ಯಾವತ್ತೂ ಕೂರುವುದಿಲ್ಲ.
ಅವಸರದಲ್ಲಿ ಒಂದು ಅಂಬಾಸಿಡರಿಗೆ ಹಚ್ಚದೆ ಬಿಟ್ಟಿದ್ದೆ.
ಇವತ್ತಿಗೂ ಪಿ.ಬಿ. ರೋಡಿನಲ್ಲಿ ಎದುರಾದಾಗಲೆಲ್ಲ
ಅದರ ಹಿಂಬಾಗಿಲು ಗಡಗಡ ನನ್ನನ್ನು ಬಯ್ಯುತ್ತಾ ಹೋಗುತ್ತದೆ.

ಮುಕ್ತಾಂಬ ಟೀಚರು ಶಾಲೆ ಬಿಟ್ಟ ಮೇಲೆ ಬರುತ್ತಾರೆ,
ಸ್ಕೂಟಿ ನಿಲ್ಲಿಸಿ, ಸೆರಗಿಗೆ ಕಿಡಿ ತಾಕದಷ್ಟು ದೂರ ನಿಲ್ಲುತ್ತಾರೆ.
ಮೂರನೇ ದಿನ ತಾವಾಗಿಯೇ ಶುರುಮಾಡಿದರು:
"ಹಿಂದಿನ ಸೀಟು ನಂದು. ಕಾಲಡಿ ತೂತು.
ಎಲ್ಲಾರೂ ಕಿಟಕಿ ನೋಡೋರು, ನಾನು ರೋಡು ನೋಡ್ತಿದ್ದೆ.
ಕಲ್ಲು, ಡಾಂಬರು, ಸಗಣಿ, ಬಿಳಿ ಪಟ್ಟಿ,
ನಾಲೆ ದಾಟುವಾಗ ಒಂದು ತಣ್ಣನೆ ಗಾಳಿ.
ಮೊದಲು ಮಂಡಕ್ಕಿ ಬಿಟ್ಟೆ, ಒಂದೊಂದೇ.
ಒಂದಿನ ಹರಿಹರದ ದಾರೀಲಿ
ಅಪ್ಪನ ಚೀಲದಾಗಿನ ಹತ್ತಿ ಚೀಟಿ ಬಿಟ್ಟೆ.
ಎಷ್ಟು ಚೆಂದ ಹಾರ್ತಿದ್ವು, ಹಿಂದಿನ ಗಾಜಿನಾಗೆ.

ಲೆಕ್ಕ ತಪ್ಪಿತು. ಗುಮಾಸ್ತೆ ಪಂಪಣ್ಣನ ಕೆಲಸ ಹೋಯ್ತು.
ನನಗೆ ಎಂಟು ವರ್ಷ.
ಆಮೇಲೆ ಒಂಬತ್ತಾಯ್ತು, ಹತ್ತಾಯ್ತು, ಹೇಳಲಿಲ್ಲ."

ನಾನೂ ಏನೂ ಹೇಳಲಿಲ್ಲ. ಗ್ರೈಂಡರ್ ಕೈಯಲ್ಲಿತ್ತು.

ನಮ್ಮಪ್ಪ ಬಂಡಿಗಾಲಿಗೆ ಹಳಿ ಕೂರಿಸುತ್ತಿದ್ದ,
ಕೆಂಪಗೆ ಕಾಯಿಸಿ, ತೊಡಿಸಿ, ನೀರು ಹುಯ್ಯುತ್ತಿದ್ದ.
ಆರುವಾಗ ಕಬ್ಬಿಣ ಎಳೆಯುತ್ತದೆ, ಆ ಎಳೆತವೇ ಅವನ ಮೊಳೆ.
ನನಗೋ ಅದೇ ಎಳೆತ ಶತ್ರು:
ಒಂದೇ ಗೆರೆ ಎಳೆದರೆ ಹೊಸ ತಗಡು ಹಪ್ಪಳ.
ಅದಕ್ಕೇ ಇಲ್ಲೊಂದು ಚುಕ್ಕಿ, ಮೊಳದಾಚೆ ಇನ್ನೊಂದು ಚುಕ್ಕಿ,
ರಂಗೋಲಿ ಮರೆತವಳು ನೆನಪಿಸಿಕೊಂಡು ಇಟ್ಟ ಹಾಗೆ,
ನಡುನಡುವೆ ಒದ್ದೆ ಬಟ್ಟೆ, ಅರ್ಧ ಬೀಡಿ.

ರೆಡ್ ಆಕ್ಸೈಡ್ ಹಚ್ಚಿದ ಸಂಜೆ
ಪಕ್ಕದ ಮಂಡಕ್ಕಿ ಭಟ್ಟಿಯ ಹೊಟ್ಟಿನ ಬೂದಿ ತೇಲಿ ಬಂದು
ಹಸಿ ಬಣ್ಣದ ಮೇಲೆ ಕೂತಿತು. ಒರೆಸಿದರೆ ಇನ್ನೂ ಕೆಡುತ್ತದೆ.
ಒಣಗಲಿ ಅಂದೆ.

ಟೀಚರು ಬಗ್ಗಿ ನೋಡಿದರು. ಮುಖ ಸಣ್ಣದಾಯಿತು.
"ಒಂದೂ ತೂತು ಬ್ಯಾಡ ಅಂದಿದ್ದೆನಲ್ಲ, ಇದೇನಿದು?"

"ಕಂಪನೀದು ರೀ ಅದು. ಹುಟ್ಟಿದಾಗಿಂದ ಐತೆ.
ಮಳೆನೀರು ಹೆಂಗೋ ಒಳಗೆ ಬಂದೇ ಬರ್ತೈತೆ.
ಇಳಿಯೋಕೆ ಅಂತ ಬಿಟ್ಟಿದ್ದನ್ನ ಯಾರೋ ಡಾಂಬರು ಬಳಿದು ಮುಚ್ಚಿದ್ರು,
ಅಲ್ಲಿಂದಲೇ ತುಕ್ಕು ಹತ್ತಿದ್ದು."
ರಬ್ಬರಿನ ಬಿರಡೆ ಅವರ ಅಂಗೈಗೆ ಹಾಕಿದೆ.
"ಮಳೆಗಾಲ ಮುಗಿದ ಮೇಲೆ ಒಂದ್ಸಲ ತೆಗೀರಿ, ಸಾಕು."

ಕೊಯ್ದ ಹಳೇ ತುಂಡು ಪೇಪರಿನಲ್ಲಿ ಸುತ್ತಿಕೊಂಡರು.
ಗುಜರಿಗೆ ಹದಿನೈದು ರೂಪಾಯಿಯೂ ಬಾರದ ಮಾಲು.
ಪಂಪಣ್ಣನಿಗೆ ಮಕ್ಕಳಿದ್ದಾರಂತೆ, ಜಗಳೂರಿನ ಕಡೆ.
ಅಷ್ಟೇ ಹೇಳಿದರು. ಕೇಳಲಿಲ್ಲ ನಾನು.

ಹೋಗುವ ಮುಂಚೆ ಸೀಟಿಲ್ಲದ ಕಾರಿನೊಳಗೆ ಮಂಡಿಯೂರಿ,
ಕನ್ನಡಕ ತೆಗೆದು,
ಎಂಟಾಣೆಯಷ್ಟಗಲದ ಆ ತೂತಿಗೆ ಕಣ್ಣಿಟ್ಟರು.

"ಏನು ಕಾಣ್ತೈತ್ರೀ?"

"ನಿನ್ನ ಚಪ್ಪಲಿ," ಅಂದರು. "ಉಂಗುಷ್ಟ ಕಿತ್ತೈತೆ."