ಐದಕ್ಕೊಂದು

ನಾಲ್ಕು ಪಾಲು ಡೀಸೆಲು, ಒಂದು ಪಾಲು
ಹೋಟೆಲಿನ ಬಾಣಲೆ ಕಂಡು ಬಂದ ಎಣ್ಣೆ.
ಮಲ್ಪೆಯಲ್ಲಿ ಬೂತಾಯಿ ಹೇರಿಕೊಂಡ ಪಿಕಪ್ಪಿಗೆ
ಮೊದಲ ವಾರ ಸದ್ದೇ ಕಡಿಮೆ.
ಸಂತೆಕಟ್ಟೆಯಲ್ಲಿ ಹಿಂದೆ ನಿಂತ ಸ್ಕೂಟರಿನ ಹುಡುಗಿ
‘ಅಮ್ಮಾ, ಗೋಳಿಬಜೆ’ ಅಂದಳು.

ಎಂಟನೇ ದಿನ, ಮಾಬುಕಳ ಸೇತುವೆ ಮೇಲೆ
ಕೆಮ್ಮಿತು, ಎಳೆಯಿತು, ನಿಂತಿತು.
ಹಿಂದಿನಿಂದ ಮಂಜುಗಡ್ಡೆ ಕರಗಿ ತೊಟ್ಟಿಕ್ಕುವ ಸದ್ದು.

ಬ್ರಹ್ಮಾವರದಿಂದ ಬಂದ ವಿಲ್ಫಿ ಮೇಸ್ತ್ರಿ
ಫಿಲ್ಟರ್ ಬಿಚ್ಚಿ ನನ್ನ ಅಂಗೈಗೆ ಬಡಿದ:
ಕಪ್ಪು ಗಂಜಿ.
‘ಹೊಸ ಎಣ್ಣೆಯ ತಪ್ಪಲ್ಲ ಮಾರಾಯ,
ಅದು ಟಾಂಕಿಯ ಗೋಡೆ ತಿಕ್ಕುತ್ತಾ ಉಂಟು.
ಹದಿನಾಲ್ಕು ವರ್ಷದ ಕೊಳೆ ಇದು.’
ಮೂಸಿದ. ‘ಸೀಮೆಎಣ್ಣೆ ಹಾಕ್ತಿದ್ದದ್ದು ಯಾರು?’

ವಾಮನಣ್ಣ.
ಗಾಡಿ ನನ್ನ ಕೈಗೆ ಕೊಡುವ ದಿನ
ಸ್ಟಿಯರಿಂಗ್ ಮುಟ್ಟಿ ಹೇಳಿದ್ದ:
‘ಒಂದು ಹನಿ ಕಲಬೆರಕೆ ಕುಡಿಸಿದವನಲ್ಲ.’

ಫೋನು ತೆಗೆದೆ, ಹೆಸರು ಹುಡುಕಿದೆ, ಒಳಗಿಟ್ಟೆ.
ಕೈ ತೊಳೆಯಲು ಕೆಳಗೆ ಹೊಳೆ ಇತ್ತು,
ಅದಕ್ಕೆ ಯಾಕೆ ಇದು ಎಂದು
ಬನಿಯನಿಗೇ ಒರೆಸಿಕೊಂಡೆ.

‘ಇನ್ನೆರಡು ಫಿಲ್ಟರ್ ತಿನ್ನುತ್ತದೆ,’ ಅಂದ ವಿಲ್ಫಿ,
‘ಆಮೇಲೆ ಸರಿ.’
ಕುಂದಾಪುರದಲ್ಲಿ ಬೂತಾಯಿ
ಅರ್ಧ ಕ್ರಯಕ್ಕೆ ಹೋಯಿತು.